ಐ ಆ್ಯಮ್ ಸಫರಿಂಗ್ ಫ್ರಂ ಫೀವರ್ (ಆದ್ರ ನಮಗ್ಯಾರಿಗೂ ಜ್ವರ ಬಂದಿರಲಿಲ್ಲ)

ಭಾಗ 1 👇

ಫೋಟೊ ನೋಡಿದ್ರಿ? ಸಿಂಧನೂರಿನ ಒಂದು ಗೋಡೆ. ಪೋಸ್ಟರ್ ಮ್ಯಾಲೆ ದೊಡ್ಡ ಅಕ್ಷರ: 30 ದಿನದಲ್ಲಿ ನಿರರ್ಗಳ ಇಂಗ್ಲಿಷ್. ಹೆಸರು, ಫೋನ್ ನಂಬರ್ ನಾನೇ ಮಸುಕು ಮಾಡೀನಿ. ಯಾರ ಹೊಟ್ಟಿ ಮ್ಯಾಲೂ ಹೊಡಿಯೋ ಆಸೆ ನನಗಿಲ್ಲ. ಆದ್ರ ಆ 30 ದಿನದ ಮಾತಿನ ಮ್ಯಾಲೆ ಸಿಟ್ಟೈತಿ, ಯಾಕಂದ್ರ ಇಂಥದ್ದೇ ಒಂದು ಕ್ಲಾಸಿನಾಗ 30 ದಿನ ನಾನೂ ಕುಂತು ಬಂದೀನಿ.

ಪಿಯುಸಿ ಮುಗಿದ ಬ್ಯಾಸಿಗಿ ಅದು. ಮೊದಲನೇ ದಿನ ಒಂದು ಝೆರಾಕ್ಸ್ ಪುಸ್ತಕ ಕೊಟ್ಟರು, ಅದರಾಗ 500 ಫ್ರೇಸ್. ದಿನಕ್ಕೆ ಹದಿನೇಳು ಬಾಯಿಪಾಠ, ಮರುದಿನ ಎದ್ದು ನಿಂತು ಒಪ್ಪಿಸೋದು. "ಇಟ್ಸ್ ಎ ಪೀಸ್ ಆಫ್ ಕೇಕ್." "ಇಟ್ಸ್ ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್." ಮಸ್ಕಿಯೊಳಗ ನಿಂತು ಈ ಎರಡನೇ ಮಾತು ಹೇಳೋ ಅಂಥ ಮಳಿಗೆ ಎಷ್ಟು ವರ್ಷ ಕಾಯಬೇಕು, ನೀವೇ ಹೇಳ್ರಿ. ಆದ್ರೂ ಐನೂರೂ ಬಾಯಿಪಾಠ ಮಾಡಿದೆ. ಸರ್ಟಿಫಿಕೇಟ್ ಕೊಟ್ಟರು. ಅವ್ವ ಅದನ್ನ ಪ್ಲಾಸ್ಟಿಕ್ ಕವರಿನಾಗ ಹಾಕಿ ಟ್ರಂಕಿನಾಗ ಇಟ್ಟಳು.

ಹೋದ ವರ್ಷ ರಾಯಚೂರಿನಾಗ ಒಂದು ಇಂಟರ್‌ವ್ಯೂ. ಟೇಬಲ್ ಆಚೆ ಕುಂತವರು ನಗುಮುಖದಿಂದಲೇ ಕೇಳಿದ ಮೊದಲ ಮಾತು: "ಹೌ ವಾಸ್ ಯುವರ್ ಜರ್ನಿ?"

ಪ್ರಶ್ನೆ ಅರ್ಥ ಆತು. ತಲಿಯೊಳಗ ಐನೂರು ಫ್ರೇಸ್ ಇದ್ದವು. ಒಂದೂ ಹೊಂದಲಿಲ್ಲ. ಬಾಯಿಂದ ಬಂದದ್ದು "ಮೈಸೆಲ್ಫ್..." ಅಂತ. ಅವರು ಕಾದರು. ನಾನು ಮತ್ತ ಹೇಳಿದೆ, "ಬಸ್."

ಅಷ್ಟೇ. ಬಸ್. 500 ಫ್ರೇಸ್ ಕಲಿತವನ ಉತ್ತರ ಒಂದು ಪದ, ಅದೂ ಹುಟ್ಟಿದಾಗಿಂದ ಗೊತ್ತಿದ್ದದ್ದು.

ಭಾಗ 2

ಈಗ ನಿಮಗೊಂದು ಪ್ರಶ್ನೆ. ಹೈಸ್ಕೂಲಿನಾಗ ಇಂಗ್ಲಿಷಿನಲ್ಲಿ ರಜಾ ಅರ್ಜಿ ಬರೆದಿದ್ದೀರಲ್ಲ, ಕಾರಣ ಏನಂತ ಬರೆದಿದ್ರಿ?

ಗೊತ್ತು, ಜ್ವರ. "ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಂ ಫೀವರ್." ನಾನೂ ಅದನ್ನೇ ಬರೆದೆ, ನನ್ನ ಬಾಜು ಕುಂತವನೂ ಅದನ್ನೇ ಬರೆದ. ಕಾಲುವೆಗೆ ನೀರು ಬಿಟ್ಟರೆ ನೆಲ್ಲು ಹಚ್ಚೋ ಕೆಲಸ ಶುರು, ಅರ್ಧ ಕ್ಲಾಸ್ ಖಾಲಿ. ಮುಂದ ಹತ್ತಿ ಬಿಡಿಸೋ ಕಾಲ, ಮತ್ತ ಖಾಲಿ. ಅರ್ಜಿ ಮಾತ್ರ ಎಲ್ಲರದ್ದೂ ಒಂದೇ. ಆ ಅರ್ಜಿಗಳನ್ನ ಯಾರಾದರೂ ನಂಬಿದ್ದರೆ ಆರೋಗ್ಯ ಇಲಾಖೆಯವರು ಜೀಪ್ ತಗೊಂಡು ಊರಿಗೆ ಓಡಿ ಬರಬೇಕಿತ್ತು.

ನಾವು ಸುಳ್ಳುಗಾರರಂತಲ್ಲ. ಕನ್ನಡದಾಗ ಕೇಳಿದ್ರ "ಹೊಲದಾಗ ಕೆಲಸ ಐತ್ರಿ ಸರ್" ಅಂತ ಸತ್ಯ ಹೇಳ್ತಿದ್ವಿ. ಇಂಗ್ಲಿಷಿನಾಗ ನಮಗೆ ಕೊಟ್ಟಿದ್ದು ಜ್ವರ ಒಂದೇ. "ವಿ ಆರ್ ಟ್ರಾನ್ಸ್‌ಪ್ಲಾಂಟಿಂಗ್ ಪ್ಯಾಡಿ ದಿಸ್ ವೀಕ್, ಸೋ ಐ ಕಾಂಟ್ ಕಮ್ ಫಾರ್ ಟೂ ಡೇಸ್." ಇದೇನು ಬೆಟ್ಟ ಹೊರೋ ವಾಕ್ಯ ಅಲ್ಲ. ಹತ್ತು ವರ್ಷದಾಗ ಒಬ್ಬರೂ ಕಲಿಸಲಿಲ್ಲ, ನಾವೂ ಕೇಳಲಿಲ್ಲ. ಎಸ್‌ಎಸ್‌ಎಲ್‌ಸಿಗೆ 80 ಅಂಕದ ಲಿಖಿತ ಪರೀಕ್ಷೆ, ಅದಕ್ಕೆ ಜ್ವರದ ಪತ್ರ ಸಾಕಾಗ್ತಿತ್ತು. ಬದುಕಿಗೆ ಸಾಕಾಗಲಿಲ್ಲ.

ನನ್ನ ತಕರಾರು ಸರಿಯಾಗಿ ಕೇಳಿಸಿಕೊಳ್ಳಿ. ಫ್ರೇಸ್ ಕಲೀಬ್ಯಾಡ್ರಿ ಅಂತ ನಾನು ಹೇಳ್ತಿಲ್ಲ. ಇಂಗ್ಲಿಷ್ ಬರೋದು ಫ್ರೇಸ್‌ನಿಂದಲೇ, ಹನ್ನೆರಡು ಟೆನ್ಸ್‌ನ ಚಾರ್ಟ್ ಗೋಡೆಗೆ ಅಂಟಿಸಿದ್ರ ಬರಲ್ಲ. ಆದ್ರ ನಿಮಗೆ ಮಾರಾಕತ್ತಿರೋದು ಬ್ಯಾರೆಯವರ ಬದುಕಿನ ಫ್ರೇಸ್. ಲಂಡನ್ನಿನ ಮಳಿ, ಅಮೆರಿಕದ ಕೇಕ್. ನಮ್ಮ ಬಾಯಿಗೆ ನಾಳೆ ಬೆಳಗ್ಗೆ ಬೇಕಾದ ಒಂದೂ ಮಾತು ಅದರಾಗಿಲ್ಲ.

ಭಾಗ 3

"ಕನ್ನಡ ಮೀಡಿಯಂ ಹುಡುಗರಿಗೆ ಭಾಷೆ ಹತ್ತಲ್ಲ" ಅಂತ ಯಾರಾದರೂ ಅಂದ್ರ ಅವರನ್ನ ಒಂದು ದಿನ ಸಿಂಧನೂರು ಬಜಾರಿಗೆ ಕರ್ಕೊಂಡು ಬರ್ರಿ.

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮ್ಯಾಲೆ ಆಂಧ್ರದ ಕಡೆಯಿಂದ ರೈತರು ಬಂದು ನೆಲೆ ನಿಂತರು, ಕ್ಯಾಂಪ್‌ಗಳಾದವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಸಿಂಧನೂರು ಹತ್ತಿರವೇ ಕ್ಯಾಂಪ್ ಆದವು. ಬಜಾರಿನಾಗ ಉರ್ದು ಮೊದಲಿಂದಲೂ ಇತ್ತು. ಈ ಸಂತಿಯೊಳಗ ನಾಲ್ಕು ಭಾಷೆ ಆಡೋ ಮನುಷ್ಯ ವಿಶೇಷ ಏನಲ್ಲ. ತರಕಾರಿ ಮಾರೋ ಅಕ್ಕ ಆಡ್ತಾಳ, ಆಟೊದವ ಆಡ್ತಾನ.

ನಮ್ಮವ್ವ ಶಾಲಿ ಮೆಟ್ಟಿಲು ಹತ್ತಿದಾಕಿ ಅಲ್ಲ. ಕ್ಯಾಂಪಿಗೆ ನೆಲ್ಲು ಹಚ್ಚಾಕ ಕೂಲಿ ಹೋಗ್ತಾ ತೆಲುಗು ಕಲಿತಳು. ಹೆಂಗ ಕಲಿತಿ ಅಂತ ಒಮ್ಮೆ ಕೇಳಿದೆ. ಆಕಿ ಹೇಳಿದ ಕ್ರಮ ಇದು: ಮೊದಲು "ಕೂಲಿ ಎಂತ?" ಆಮೇಲೆ "ರೇಪು ವಸ್ತಾಮು." ಮೂರನೇದ್ದು "ಡಬ್ಬುಲು ಎಪ್ಪುಡಿಸ್ತಾರು?" ಕೂಲಿ ಎಷ್ಟು, ನಾಳೆ ಬರ್ತೀವಿ, ದುಡ್ಡು ಯಾವಾಗ ಕೊಡ್ತೀರಿ. ವಿಭಕ್ತಿ ಗೊತ್ತಿಲ್ಲ, ಲಿಂಗ ವಚನ ಗೊತ್ತಿಲ್ಲ. ಮೂರು ಮಾತು ಇಟ್ಕೊಂಡು ಹೋದಳು, ಆ ಮೂರಕ್ಕೆ ಬಂದ ಉತ್ತರದಿಂದ ಮತ್ತ ಮೂರು ಕಲಿತಳು. ಈಗ ಸಾಲ ಕೊಟ್ಟು ಮರೆತೋರ ಜತಿ ತೆಲುಗಿನಾಗ ಜಗಳ ಮಾಡ್ತಾಳ, ಮತ್ತ ಗೆಲ್ತಾಳ.

ಅವ್ವನ ಮೂರು ಮಾತು, ನನ್ನ ಐನೂರು ಫ್ರೇಸ್. ಯಾರ ಕ್ಲಾಸ್ ಚಲೋ?

ಇದು ಇವತ್ತಿನ ಕಥಿ ಮಾತ್ರ ಅಲ್ಲ. 1948ರವರೆಗೆ ನಮ್ಮ ನೆಲ ನಿಜಾಮರ ಹೈದರಾಬಾದ್ ಸಂಸ್ಥಾನದಾಗಿತ್ತು. ಕಚೇರಿ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಾಗ ಪಾಠವೇ ಉರ್ದುವಿನಲ್ಲಿ. ಮುತ್ತ್ಯಾನ ಅಪ್ಪನ ಕಾಲದೋರು ಕಚೇರಿಗೆ ಹೋಗಬೇಕಂದ್ರ ಅಲ್ಲಿಯ ನಾಲ್ಕು ಮಾತು ಕಟ್ಕೊಂಡೇ ಹೋಗಬೇಕಿತ್ತು. ಅರ್ಜಿ, ಜಮೀನು, ವಕೀಲ, ತಕರಾರು... ಈ ಪದಗಳು ಇವತ್ತಿಗೂ ನಮ್ಮ ಬಾಯಾಗ ಕನ್ನಡವೇ ಆಗಿ ಕುಂತಾವ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಗೆ ಬರ್ರಿ: ಶಾಫ್ಟ್, ಕೇಜ್, ಶಿಫ್ಟ್ ಅಂತ ದಿನಾ ಇಂಗ್ಲಿಷ್ ಆಡೋರಿಗೆ ಯಾರೂ ಸ್ಪೋಕನ್ ಇಂಗ್ಲಿಷ್ ಸರ್ಟಿಫಿಕೇಟ್ ಕೊಟ್ಟಿಲ್ಲ.

ಭಾಗ 4 (ಸ್ವಲ್ಪ ಉದ್ದ ಐತಿ, ಸೇವ್ ಮಾಡಿಕೊಳ್ಳಿ)

"ಪದ ಗೊತ್ತು, ಗ್ರಾಮರ್ ಗೊತ್ತು, ಆದ್ರ ಮಾತು ಬರಲ್ಲ." ಇನ್‌ಬಾಕ್ಸ್‌ನಲ್ಲಿ ಅತಿ ಹೆಚ್ಚು ಬರೋ ಮಾತು ಇದು. ಕಾರಣ ಹೇಳ್ತೀನಿ.

ನಾವು ಕನ್ನಡದ ವಾಕ್ಯ ಮಾಡಿ, ಒಂದೊಂದೇ ಇಟ್ಟಿಗಿ ಕಿತ್ತು ಇಂಗ್ಲಿಷಿಗೆ ಸಾಗಿಸ್ತೀವಿ. "ಬಸ್ಸಿಗೆ ಬಂದೆ." ಇಟ್ಟಿಗಿ ಸಾಗಿಸಿದ್ರ "ಐ ಕೇಮ್ ಟು ಬಸ್" ಆಗ್ತದ. ಬೇಕಾದ್ದು "ಬೈ ಬಸ್". "ನನಗ ಇಬ್ಬರು ತಮ್ಮಂದಿರು ಅದಾರ" ಅನ್ನೋದು "ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್" ಆಗ್ತದ. ಬೇಕಾದ್ದು "ಐ ಹ್ಯಾವ್". "ಅವನ ಮ್ಯಾಲೆ ಸಿಟ್ಟು" ಅನ್ನೋದರ 'ಮ್ಯಾಲೆ' ಇಂಗ್ಲಿಷಿನಾಗ 'ಆನ್' ಅಲ್ಲ, "ಆಂಗ್ರಿ ವಿತ್ ಹಿಮ್". "ನಾಳೆ ಬರ್ತೀನಿ", "ದಿನಾ ಬರ್ತೀನಿ" ಎರಡಕ್ಕೂ ನಮ್ಮಲ್ಲಿ ಒಂದೇ 'ಬರ್ತೀನಿ' ಸಾಕು. ಇಂಗ್ಲಿಷಿನಾಗ ಒಂದಕ್ಕೆ "ಐ ವಿಲ್ ಕಮ್", ಇನ್ನೊಂದಕ್ಕೆ "ಐ ಕಮ್ ಎವ್ರಿ ಡೇ".

ಇದಕ್ಕೆಲ್ಲ ನಿಯಮ ಹುಡುಕಿ ನೆನಪಿಟ್ಟು ಮಾತಾಡೋದರಾಗ ಎದುರಿನವ ಚಾ ಕುಡಿದು ಹೋಗಿರ್ತಾನ. ಇಡೀ ಗೊಂಚಲನ್ನೇ ಎತ್ಕೋಬೇಕು. "ಆಂಗ್ರಿ ವಿತ್", "ಡಿಪೆಂಡ್ಸ್ ಆನ್", "ವೇಟಿಂಗ್ ಫಾರ್". ದ್ರಾಕ್ಷಿ ಒಂದೊಂದೇ ಹಣ್ಣು ಎಣಿಸಿ ತಗೊಳ್ಳಲ್ಲ ನೋಡ್ರಿ, ಹಂಗೆ. ಮೈಕಲ್ ಲೂಯಿಸ್ ಅನ್ನೋರು 1993ರಲ್ಲಿ 'ದ ಲೆಕ್ಸಿಕಲ್ ಅಪ್ರೋಚ್' ಅನ್ನೋ ಇಡೀ ಪುಸ್ತಕವನ್ನ ಇದೇ ವಾದಕ್ಕೆ ಬರೆದರು. ಭಾಷೆ ಬರೀ ವ್ಯಾಕರಣಕ್ಕೆ ಪದ ತುಂಬಿದ್ದಲ್ಲ, ಬಹುಪಾಲು ಇಂಥ ಸಿದ್ಧ ಗೊಂಚಲುಗಳೇ ಅಂತ.

ಹಂಗಾದ್ರ ಐನೂರು ಫ್ರೇಸ್‌ನ ಪುಸ್ತಕವೂ ಸರಿ ಅಲ್ಲೇನು ಅಂತ ಕೇಳ್ತೀರಿ. ಇಲ್ಲ, ಅಲ್ಲೇ ಮೋಸ ಇರೋದು. ಇದನ್ನ ಅರ್ಥ ಮಾಡ್ಕೊಳ್ಳಾಕ ದೂರ ಹೋಗಬೇಕಿಲ್ಲ, ಬೆಂಗಳೂರಿನ ತನಕ ಹೋದ್ರ ಸಾಕು.

1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅನ್ನೋರು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಜಗತ್ತಿನ ಇಂಗ್ಲಿಷ್ ಶಿಕ್ಷಕರು ಅದನ್ನ 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಕರೀತಾರೆ. 1987ರಲ್ಲಿ ಬಂದ ಅವರ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ' ಪುಸ್ತಕದಾಗ ಅದರ ವಿವರ ಐತಿ. ಕ್ಲಾಸಿನಾಗ ಗ್ರಾಮರ್ ಪಾಠ ಇಲ್ಲ, ಬಾಯಿಪಾಠ ಇಲ್ಲ. ಮಕ್ಕಳ ಮುಂದ ರೈಲಿನ ಟೈಮ್‌ಟೇಬಲ್ ಇಡೋದು, ನಕ್ಷೆ ಇಡೋದು. ಈ ರೈಲು ಎಷ್ಟೊತ್ತಿಗೆ ಮುಟ್ಟುತ್ತೆ, ಇಲ್ಲಿಂದ ಅಲ್ಲಿಗೆ ಹೆಂಗ ಹೋಗೋದು ಅಂತ ಇಂಗ್ಲಿಷಿನಲ್ಲೇ ಲೆಕ್ಕ ಬಿಡಿಸೋದು. ತಲಿ ಕೆಲಸದ ಮ್ಯಾಲೆ ಇದ್ದಾಗ ಭಾಷೆ ಹಿಂದಿನಿಂದ ತಾನಾಗಿ ಬರ್ತದ ಅನ್ನೋದು ಅವರ ನಂಬಿಕೆ.

ಪ್ರಭು ಅವರು ಫ್ರೇಸ್ ಪಟ್ಟಿ ಕೊಟ್ಟೋರಲ್ಲ, ಅದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಆದ್ರ ನನ್ನ ವಾದಕ್ಕೆ ಬೇಕಾದ ಅರ್ಧ ಅಲ್ಲಿ ಐತಿ. ಕೆಲಸ ಇಲ್ಲದ ಫ್ರೇಸ್ ಸತ್ತ ಫ್ರೇಸ್. ಅವ್ವನ "ಕೂಲಿ ಎಂತ?" ಬದುಕಿತು, ಯಾಕಂದ್ರ ಅದರ ಹಿಂದ ಕೂಲಿ ಇತ್ತು. ನನ್ನ "ಪೀಸ್ ಆಫ್ ಕೇಕ್" ಹಿಂದ ಏನಿತ್ತು?

ಭಾಗ 5

ಇದನ್ನ ಬರೆಯೋದೋ ಬ್ಯಾಡೋ ಅಂತ ಮೂರು ದಿನ ಯೋಚನೆ ಮಾಡಿದೆ. ಆಕಿನ್ನ ಕೇಳಿ, ಹೆಸರು ಹಾಕಬಾರದು ಅಂತ ಮಾತು ಕೊಟ್ಟು ಬರೀತಿದ್ದೀನಿ.

ಹೈಸ್ಕೂಲಿನಾಗ ನಮ್ಮ ಕ್ಲಾಸಿಗೆ ಫಸ್ಟ್ ಬರ್ತಿದ್ದ ಹುಡುಗಿ. ಗಣಿತದ ಲೆಕ್ಕ ಸರ್ ಬೋರ್ಡ್ ಮ್ಯಾಲೆ ಬರಿಯೋದಕ್ಕಿಂತ ಮೊದಲೇ ಬಿಡಿಸಿರ್ತಿದ್ದಳು. ಕನ್ನಡ ಮೀಡಿಯಂ. ಪಿಯುಸಿಗೆ ಸೈನ್ಸ್ ತಗೊಂಡಳು. ಎಲ್ಲಾ ಪಾಠ ಇಂಗ್ಲಿಷ್. ಮೂರನೇ ತಿಂಗಳಿಗೆ ಆರ್ಟ್ಸ್‌ಗೆ ಬಂದು ನನ್ನ ಹಿಂದಿನ ಬೆಂಚಿನಾಗ ಕುಂತಳು. (ಆರ್ಟ್ಸ್ ಕೀಳು ಅಂತಲ್ಲ, ನಾನೂ ಅದನ್ನೇ ಓದಿದವ. ಆದ್ರ ಆಕಿ ಬಂದದ್ದು ಇಷ್ಟಪಟ್ಟು ಅಲ್ಲ.) ಊರಾಗ ಎಲ್ಲರೂ ಅಂದರು, "ಸೈನ್ಸ್ ಹತ್ತಲಿಲ್ಲ ಪಾಪ."

ಮೊನ್ನೆ ಲಿಂಗಸುಗೂರಿಗೆ ಹೋಗೋ ಬಸ್ಸಿನಾಗ ಸಿಕ್ಕಾಗ ಹೇಳಿದಳು: "ಫಿಸಿಕ್ಸ್ ತಿಳೀತಿತ್ತಪಾ. ನಡುವ ಒಂದು ಕಡೆ ತಪ್ಪಿ ಹೋದ್ರ ನಿಲ್ಸಿ ಕೇಳಾಕ ಬರ್ತಿರಲಿಲ್ಲ. ಒಮ್ಮೆ ಕನ್ನಡದಾಗ ಕೇಳಿದೆ. ಇಂಗ್ಲಿಷಿನಲ್ಲಿ ಕೇಳು ಅಂದರು. ಎಲ್ಲರೂ ನಕ್ಕರು. ಕುಂತೆ. ಆಮೇಲೆ ಕೇಳಲೇ ಇಲ್ಲ."

"ಸರ್, ಕುಡ್ ಯು ಎಕ್ಸ್‌ಪ್ಲೇನ್ ದಟ್ ಸ್ಟೆಪ್ ಅಗೇನ್?"

ಆಕಿಗೆ ಬೇಕಾಗಿದ್ದದ್ದು ಇದು. ಒಂದು ವಾಕ್ಯ.

ಸಂವಿಧಾನಕ್ಕೆ 98ನೇ ತಿದ್ದುಪಡಿ ಆಗಿ 371(ಜೆ) ಬಂತು, ನಮ್ಮ ಭಾಗದೋರಿಗೆ ಸೀಟು, ನೌಕರಿಯಾಗ ಮೀಸಲು ಸಿಕ್ತು. ಹೋರಾಡಿ ಪಡೆದದ್ದು. ಆ ಸೀಟಿನಾಗ ಕುಂತ ಮ್ಯಾಲೆ ಕೈ ಎತ್ತಿ ಕೇಳಾಕ ಬೇಕಾದ ಮಾತು ಯಾವ ಗೆಜೆಟ್ಟಿನಾಗೂ ಬರಲ್ಲ. ಅದಕ್ಕೇ ನನಗ ಸಿಟ್ಟು. 30 ದಿನ ದುಡ್ಡು ತಗೊಂಡೋರು ಈ ಒಂದು ವಾಕ್ಯ ಮೊದಲನೇ ದಿನ ಕೊಡಬಹುದಿತ್ತು.

ಇನ್ನೊಂದಿಷ್ಟು ಇಂಥವೇ, ನಾನು ಇವಕ್ಕೆ ರಿಪೇರಿ ಮಾತು ಅಂತೀನಿ, ಪಂಕ್ಚರ್ ಅಂಗಡಿ ಇದ್ದಂಗ. ಕೇಳಿಸದಿದ್ರ: "ಸಾರಿ, ಐ ಡಿಡಂಟ್ ಕ್ಯಾಚ್ ದಟ್." ವೇಗ ಜಾಸ್ತಿ ಆದ್ರ: "ಕುಡ್ ಯು ಸೇ ದಟ್ ಎ ಲಿಟಲ್ ಸ್ಲೋಲಿ?" ಅರ್ಥ ಸರಿಯೋ ತಪ್ಪೋ ಅಂತ ಅನುಮಾನ ಇದ್ರ: "ಡು ಯು ಮೀನ್..." ಅಂತ ಶುರು ಮಾಡಿ ನಿಮಗೆ ತಿಳಿದಷ್ಟು ಹೇಳೋದು. ಯೋಚನೆಗೆ ಸಮಯ ಬೇಕಂದ್ರ: "ಲೆಟ್ ಮಿ ಥಿಂಕ್ ಫಾರ್ ಎ ಸೆಕೆಂಡ್." ಪದ ಗೊತ್ತಿಲ್ಲದಿದ್ರ: "ಐ ಡೋಂಟ್ ನೋ ದ ವರ್ಡ್, ಬಟ್ ಇಟ್ಸ್ ದ ಥಿಂಗ್ ವಿ ಯೂಸ್ ಟು..." ಈ ಕೊನೇದು ಬಂಗಾರ. ಕುರ್ಚಿಗಿಗೆ ಇಂಗ್ಲಿಷಿನಾಗ ಏನಂತಾರ ಗೊತ್ತಿಲ್ಲದಿದ್ರೂ "ದ ಥಿಂಗ್ ವಿ ಯೂಸ್ ಟು ರಿಮೂವ್ ವೀಡ್ಸ್" ಅಂದ್ರ ಮಾತು ನಿಲ್ಲಲ್ಲ.

ಭಾಗ 6

ಈಗ ಕೆಲಸ. ಒಂದು ನೋಟ್‌ಬುಕ್ ತಗೊಳ್ರಿ, ಇಲ್ಲಾ ಫೋನಿನ ನೋಟ್ಸ್. ದಿನಕ್ಕೆ ಹದಿನೇಳು ಬ್ಯಾಡ, ಎರಡು. ನಾಳೆ ನೀವು ಖರೆ ಆಡೋ ಎರಡು ಮಾತು ಮೊದಲು ಕನ್ನಡದಾಗ ಬರೀರಿ, ನಿಮ್ಮ ಮನಿ ಕನ್ನಡದಾಗೇ. ಆಮೇಲೆ ಅದಕ್ಕೆ ಇಂಗ್ಲಿಷ್ ಹುಡುಕ್ರಿ. ಫೋನಿನ ಟ್ರಾನ್ಸ್‌ಲೇಟರ್‌ಗೆ ನಮ್ಮ "ಬರಾಕತ್ತೀನಿ" ಅರ್ಥ ಆಗೋದು ಕಷ್ಟ, ಅದಕ್ಕೆ ಪುಸ್ತಕದ ಕನ್ನಡ ಹಾಕ್ರಿ. ಬಂದ ವಾಕ್ಯವನ್ನ ಉದ್ಧರಣ ಚಿಹ್ನೆ ಒಳಗ ಇಟ್ಟು ಸರ್ಚ್ ಮಾಡ್ರಿ. ಇಂಗ್ಲಿಷ್ ಆಡೋ ಜನ ಅದನ್ನ ಬಳಸಿದ್ರ ಸಾಲು ಸಾಲು ಕಾಣ್ತದ, ಇಲ್ಲಾಂದ್ರ ಬ್ಯಾರೆ ನೋಡ್ರಿ.

ಸಿಕ್ಕ ವಾಕ್ಯದಾಗ ಒಂದು ಜಾಗ ಖಾಲಿ ಬಿಡ್ರಿ. "ಐ ಹ್ಯಾವಂಟ್ ರಿಸೀವ್ಡ್ ____ ಯೆಟ್." ಆ ಖಾಲಿ ಜಾಗಕ್ಕೆ ಸ್ಕಾಲರ್‌ಶಿಪ್ ಹಾಕ್ರಿ, ಹಾಲ್ ಟಿಕೆಟ್ ಹಾಕ್ರಿ, ಮಾರ್ಕ್ಸ್ ಕಾರ್ಡ್ ಹಾಕ್ರಿ. ಒಂದು ವಾಕ್ಯ ಮೂರಾತು. ಹಿಂಗ ಆರು ತಿಂಗಳು ಮಾಡಿದ್ರ 'ಹ್ಯಾವಂಟ್' ಮುಂದ 'ರಿಸೀವ್' ಬರಲ್ಲ 'ರಿಸೀವ್ಡ್' ಬರ್ತದ ಅಂತ ನಾಲಿಗಿಗೆ ಗೊತ್ತಾಗಿರ್ತದ. ಆಗ ಗ್ರಾಮರ್ ಪುಸ್ತಕ ತೆಗೀರಿ, ಕಥಿ ಓದಿದಂಗ ಓದಿಸ್ಕೊಂಡು ಹೋಗ್ತದ.

ಬರವಣಿಗೆ ಬಗ್ಗೆ ಒಂದೇ ಮಾತು, ಗಟ್ಟಿಯಾಗಿ: "ವಿತ್ ರೆಫರೆನ್ಸ್ ಟು ದ ಅಬೌವ್ ಸಬ್ಜೆಕ್ಟ್", "ಐ ಬೆಗ್ ಟು ಸ್ಟೇಟ್", "ಕೈಂಡ್ಲಿ ಡು ದ ನೀಡ್‌ಫುಲ್". ಈ ಮೂರೂ ಬಿಟ್ಟುಬಿಡ್ರಿ. ಬೇಡ್ಕೊಳ್ಳಾಕ ನಾವೇನು ತಪ್ಪು ಮಾಡೀವಿ? ಸ್ಕಾಲರ್‌ಶಿಪ್ ಬರದಿದ್ರ ಇಷ್ಟು ಸಾಕು: "ಡಿಯರ್ ಸರ್ ಆರ್ ಮೇಡಮ್, ಐ ಅಪ್ಲೈಡ್ ಫಾರ್ ದ ಸ್ಕಾಲರ್‌ಶಿಪ್ ಇನ್ ಅಕ್ಟೋಬರ್. ಮೈ ಅಪ್ಲಿಕೇಶನ್ ವಾಸ್ ಅಪ್ರೂವ್ಡ್, ಬಟ್ ಐ ಹ್ಯಾವಂಟ್ ರಿಸೀವ್ಡ್ ದ ಮನಿ ಯೆಟ್. ಐ ಹ್ಯಾವ್ ಅಟ್ಯಾಚ್ಡ್ ದ ಅಕ್ನಾಲೆಡ್ಜ್‌ಮೆಂಟ್. ಕುಡ್ ಯು ಪ್ಲೀಸ್ ಟೆಲ್ ಮಿ ವಾಟ್ ಐ ಶುಡ್ ಡು ನೆಕ್ಸ್ಟ್?" ಕೆಳಗೆ ಹೆಸರು, ಅರ್ಜಿ ನಂಬರ್. ಓದೋ ಕ್ಲರ್ಕಿಗೂ ಜೀವ ಹಗುರ ಆಗ್ತದ.

ಮತ್ತ ಬರೆದದ್ದನ್ನ ಗಟ್ಟಿ ಓದ್ರಿ. ಮಾಳಿಗಿ ಮ್ಯಾಲೆ, ಹೊಲದಾಗ, ಎಲ್ಲಿ ಯಾರೂ ನಗಲ್ಲೋ ಅಲ್ಲಿ. ನಾನು ಎಮ್ಮಿ ಮುಂದ ಓದ್ತೀನಿ. ಅದು ಇದುವರೆಗೂ ಒಮ್ಮೆಯೂ ನಕ್ಕಿಲ್ಲ.

ಭಾಗ 7, ಕೊನೇದು

ನಗೋರ ಬಗ್ಗೆ. ನಮ್ಮ ಕ್ಲಾಸಿನೋರಿಗೇ ಹೇಳಾಕತ್ತೀನಿ, ಹೆಸರು ಹೇಳಲ್ಲ, ನಿಮಗೆ ಗೊತ್ತಾಗ್ತದ. ಯಾರಾದರೂ "ಸ್ಕೂಲ್" ಅನ್ನೋಕೆ "ಇಸ್ಕೂಲ್" ಅಂದ್ರ ಸ್ಕ್ರೀನ್‌ಶಾಟ್, ಮೀಮ್, ಸ್ಟೇಟಸ್. ಕ್ಯಾಂಪಿನ ಅಂಕಲ್ ತಪ್ಪು ಕನ್ನಡ ಆಡಿದ್ರ ನಾವು ನಗ್ತೀವೇನು? "ಚಲೋ ಕನ್ನಡ ಕಲಿತೀರಿ" ಅಂತೀವಿ. ಆ ಮರ್ಯಾದಿ ನಮ್ಮ ಬಾಜು ಕುಂತ ಹುಡುಗಿಗೆ ಯಾಕಿಲ್ಲ? ಫಿಸಿಕ್ಸ್ ಕ್ಲಾಸಿನಾಗ ಅವತ್ತು ನಕ್ಕೋರೂ ಕನ್ನಡ ಮೀಡಿಯಂನಿಂದ ಬಂದೋರೇ ಇದ್ದರಂತ. ತಮ್ಮ ಸರದಿ ಬರಲಿಲ್ಲಲ್ಲ ಅನ್ನೋ ಸಮಾಧಾನಕ್ಕೆ ನಕ್ಕಿರಬೇಕು.

ಇನ್ನ ಕೆಲವರು ಕಮೆಂಟ್‌ನಾಗ ಬರ್ತೀರಿ: ಕನ್ನಡಿಗನಾಗಿ ಇಂಗ್ಲಿಷ್ ಪ್ರಚಾರ ಯಾಕೆ ಅಂತ. ಅಣ್ಣಾರ, ಇಡೀ ಪೋಸ್ಟ್ ಕನ್ನಡದಾಗ ಐತಿ, ನೋಡಿದ್ರಿಲ್ಲೋ? ಅವ್ವ ತೆಲುಗು ಕಲಿತಾಗ ಕನ್ನಡ ಕಳಕೊಳ್ಳಲಿಲ್ಲ, ಕೂಲಿ ಕಳಕೊಳ್ಳಲಿಲ್ಲ ಅಷ್ಟೇ.

ಮತ್ತ ಹೊರಗಿನ ಭಾಷೆ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಎರಡನೇ ಫೋಟೊ ಮಸ್ಕಿಯ ಅಶೋಕನ ಶಾಸನದ್ದು. 1915ರಲ್ಲಿ ಸಿ. ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಇದನ್ನ ಗುರುತಿಸಿದ. 'ದೇವಾನಾಂಪ್ರಿಯ' ಅಂದ್ರ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಶಾಸನ ಅಂತ ನಾವೆಲ್ಲ ಪರೀಕ್ಷೆಗೆ ಓದೀವಿ. ಅದು ಕನ್ನಡ ಅಲ್ಲ, ಪ್ರಾಕೃತ, ಬ್ರಾಹ್ಮಿ ಲಿಪಿ. ಪರೀಕ್ಷೆಗೆ ಯಾರೂ ಕೇಳದ ಒಂದು ವಿಷಯ ಆ ಕಲ್ಲಿನ ಮ್ಯಾಲೆ ಐತಿ: ಇದು ದೊಡ್ಡವರಿಗೆ ಮಾತ್ರ ದಕ್ಕೋದು ಅಂತ ತಿಳೀಬ್ಯಾಡ್ರಿ, ಸಣ್ಣವರಿಗೂ ದಕ್ಕತದ, ಇಬ್ಬರಿಗೂ ಹೇಳ್ರಿ ಅನ್ನೋ ಅರ್ಥದ ಮಾತು. ಅಶೋಕ ಹೇಳಿದ್ದು ಧರ್ಮದ ಬಗ್ಗೆ, ಸ್ಪೋಕನ್ ಇಂಗ್ಲಿಷ್ ಬಗ್ಗೆ ಅಲ್ಲ, ಗೊತ್ತು. ಆದ್ರ ಆ ಕಲ್ಲಿನ ಮುಂದ ಸೆಲ್ಫಿ ತಗೊಳ್ಳುವಾಗ ನನಗ ಫಿಸಿಕ್ಸ್ ಕ್ಲಾಸ್ ನೆನಪಾತು.

ಬರೋ ತಿಂಗಳು ರಾಯಚೂರಿನಾಗ ಮತ್ತೊಂದು ಇಂಟರ್‌ವ್ಯೂ ಐತಿ. ಸಿಂಧನೂರಿನಿಂದಲೇ ಬಸ್ ಹತ್ತತೀನಿ. "ಹೌ ವಾಸ್ ಯುವರ್ ಜರ್ನಿ?" ಅಂತ ಕೇಳಿದ್ರ ಈ ಸಲ ಉತ್ತರ ರೆಡಿ ಐತಿ, ನೋಟ್‌ಬುಕ್ಕಿನ ಮೊದಲ ಪುಟದಾಗ: "ಇಟ್ ವಾಸ್ ಫೈನ್, ಥ್ಯಾಂಕ್ ಯು. ದ ಬಸ್ ವಾಸ್ ಫುಲ್, ಸೋ ಐ ಸ್ಟುಡ್ ಟಿಲ್ ಮಾನ್ವಿ."

ಸೀಟು ಸಿಕ್ಕುಬಿಟ್ರ ಏನಂತ ಹೇಳ್ಲಿ? ಕಮೆಂಟ್‌ನಾಗ ಹೇಳ್ರಿ. ಮತ್ತ ನಿಮಗೆ ನಾಳೆ ಬೇಕಾದ ಒಂದು ಮಾತು ಕನ್ನಡದಾಗ ಹಾಕ್ರಿ, ಎಲ್ಲರೂ ಕೂಡಿ ಇಂಗ್ಲಿಷ್ ಮಾಡೋಣ. ಜ್ವರ ಬಿಟ್ಟು.

#ಸಿಂಧನೂರು #ಮಸ್ಕಿ #ಲಿಂಗಸುಗೂರು #ನಮ್ಮರಾಯಚೂರು #ಕನ್ನಡಮೀಡಿಯಂ #ನಮ್ಮಇಂಗ್ಲಿಷ್